ಗಟ್ಟಿಮೇಳದ ಹೊತ್ತಿಗೆ ಬೆಳಕು: ಮದುವೆ ಛಾಯಾಗ್ರಹಣದ ಫ್ಲ್ಯಾಶ್ ಆಯ್ಕೆ ಕುರಿತ ಟಿಪ್ಪಣಿ

ಅಂತರಪಟ ಸರಿಯುತ್ತದೆ. ವಧೂವರರು ಪರಸ್ಪರರ ತಲೆಯ ಮೇಲೆ ಜೀರಿಗೆ-ಬೆಲ್ಲ ಹಾಕುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಪುರೋಹಿತರು ಕೈಯೆತ್ತಿ ‘ಗಟ್ಟಿಮೇಳ, ಗಟ್ಟಿಮೇಳ’ ಎನ್ನುತ್ತಾರೆ. ನಾದಸ್ವರ-ಡೋಲು ಏರುತ್ತದೆ, ಮಾಂಗಲ್ಯದ ಗಂಟು ಬೀಳುತ್ತದೆ, ಛತ್ರದ ಮೂಲೆಮೂಲೆಯಿಂದ ಅಕ್ಷತೆ ಹಾರುತ್ತದೆ. ಆರತಕ್ಷತೆಯಲ್ಲಿ ‘ಇನ್ನೊಂದ್ಸಲ ನಗಿ ಸಾರ್’ ಎಂದು ಕೇಳಬಹುದು, ಇಲ್ಲಿ ಕೇಳುವಂತಿಲ್ಲ. ಕರ್ನಾಟಕದ ಮದುವೆ ಛಾಯಾಗ್ರಾಹಕನ ಫ್ಲ್ಯಾಶ್‌ಗೆ ನಿಜವಾದ ಪರೀಕ್ಷೆ ಈ ಅರೆನಿಮಿಷವೇ. ಅಂಗಡಿಯಲ್ಲಿ ಮಾತ್ರ ನಾವು ಮೊದಲು ಕೇಳುವುದು ‘ಪವರ್ ಎಷ್ಟು?’ ಎಂದು. ಆ ಪ್ರಶ್ನೆ ಎರಡನೆಯದಾಗಬೇಕು, ಮೊದಲನೆಯದು ‘ಒಮ್ಮೆ ಹೊಡೆದ ಮೇಲೆ ಮತ್ತೆ ಎಷ್ಟು ಬೇಗ ಸಿದ್ಧವಾಗುತ್ತದೆ?’ ಎಂಬುದಾಗಬೇಕು ಎಂಬುದು ಈ ಟಿಪ್ಪಣಿಯ ವಾದ.

ಪವರ್ ಎಂಬ ಮಾತನ್ನೇ ಮೊದಲು ಬಿಡಿಸಿ ನೋಡೋಣ. ಕ್ಯಾಮೆರಾದ ತಲೆಯ ಮೇಲೆ ಕೂರುವ ಫ್ಲ್ಯಾಶ್‌ನ ಶಕ್ತಿಯನ್ನು ಗೈಡ್ ನಂಬರ್‌ನಲ್ಲಿ ಹೇಳುವುದು ರೂಢಿ. ಐಎಸ್‌ಒ 100ರಲ್ಲಿ ಎದುರಿನ ವ್ಯಕ್ತಿಯ ದೂರವನ್ನು ಮೀಟರಿನಲ್ಲಿ ಅಳೆದು, ಅದಕ್ಕೆ ಬೇಕಾದ ಅಪರ್ಚರ್ ಸಂಖ್ಯೆಯಿಂದ ಗುಣಿಸಿದರೆ ಬರುವುದೇ ಗೈಡ್ ನಂಬರ್. ಕ್ಯಾನನ್ 600ಇಎಕ್ಸ್-ಆರ್‌ಟಿ ಹೆಸರಿನಲ್ಲಿರುವ 600 ಸೂಚಿಸುವುದು 60 ಎಂಬ ಗೈಡ್ ನಂಬರನ್ನು. ಆದರೆ ಆ 60 ಬರುವುದು ಫ್ಲ್ಯಾಶ್ ಹೆಡ್ಡನ್ನು 200 ಮಿ.ಮೀ. ಲೆನ್ಸಿಗೆ ತಕ್ಕಂತೆ ಜೂಮ್ ಮಾಡಿ ಬೆಳಕನ್ನು ಕಿರಿದಾಗಿಸಿದಾಗ. ಮಂಟಪದಲ್ಲಿ ನಾವು ಬಳಸುವ 35 ಮಿ.ಮೀ.ಗೆ ಅದೇ ಫ್ಲ್ಯಾಶ್ ಕೊಡುವುದು 36. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ಸುಳ್ಳಲ್ಲ, ನಮ್ಮ ಕೆಲಸಕ್ಕೆ ಸಂಬಂಧಪಟ್ಟದ್ದಲ್ಲ ಅಷ್ಟೆ.

ಇನ್ನೊಂದು ಅಳತೆ ವ್ಯಾಟ್-ಸೆಕೆಂಡ್. ಒಳಗಿನ ಕೆಪಾಸಿಟರ್ ಹಿಡಿದಿಡುವ ವಿದ್ಯುತ್ತಿನ ಲೆಕ್ಕ ಇದು. 1400 ಮೈಕ್ರೋಫ್ಯಾರಡ್ ಕೆಪಾಸಿಟರನ್ನು 330 ವೋಲ್ಟಿಗೆ ಏರಿಸಿದರೆ ಸುಮಾರು 76 ವ್ಯಾಟ್-ಸೆಕೆಂಡ್ ಸಂಗ್ರಹವಾಗುತ್ತದೆ. ಈಗ ಹೆಚ್ಚು ಓಡುವ ಗುಂಡು ತಲೆಯ ಫ್ಲ್ಯಾಶ್‌ಗಳ ಜಾಹೀರಾತಿನಲ್ಲಿ ಕಾಣುವ ಅಂಕಿಯೂ ಇದೇ. ವ್ಯಾಟ್-ಸೆಕೆಂಡ್ ಎರಡರಷ್ಟಾದರೆ ಸಿಗುವುದು ಒಂದೇ ಒಂದು ಸ್ಟಾಪ್. 200ರ ದೀಪ ಬಿಟ್ಟು 400ರದ್ದಕ್ಕೆ ಹಣ ಸುರಿಯುವ ಮುನ್ನ, ಐಎಸ್‌ಒ ಒಂದು ಹೆಜ್ಜೆ ಏರಿಸಿದರೂ ಅದೇ ಲಾಭ ಎಂಬುದನ್ನು ನೆನೆಯುವುದು ಒಳ್ಳೆಯದು.

ಛತ್ರದ ಒಳಗಿನ ಲೆಕ್ಕಕ್ಕೆ ಬರೋಣ. ವೇದಿಕೆಯ ಮೇಲೆ ವಧೂವರರಿಂದ 4 ಮೀಟರ್ ದೂರದಲ್ಲಿ ನಿಂತಿದ್ದೇವೆ. ಫ್ಲ್ಯಾಶೂ ಅವರ ಮುಖವೂ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿವೆ. ಬಿಳಿ ಸುಣ್ಣದ ಸೀಲಿಂಗ್ ನಾಲ್ಕೂವರೆ ಮೀಟರಿನಲ್ಲಿದೆ. ಬೆಳಕನ್ನು ಸೀಲಿಂಗಿಗೆ ಬೌನ್ಸ್ ಮಾಡಿದರೆ ಅದು ಮೇಲೇರಿ ಮುಖಕ್ಕೆ ಇಳಿಯುವ ದಾರಿ ಸುಮಾರು 7.2 ಮೀಟರ್. ಇದು ಕನ್ನಡಿಯ ಲೆಕ್ಕ. ಸುಣ್ಣದ ಸೀಲಿಂಗ್ ಕನ್ನಡಿಯಲ್ಲ, ಆದ್ದರಿಂದ ಎರಡು ಸ್ಟಾಪ್ ನಷ್ಟ ಸೇರಿಸಿಕೊಳ್ಳುತ್ತೇನೆ. ಐಎಸ್‌ಒ 1600ರಲ್ಲಿ 36 ಎಂಬ ಗೈಡ್ ನಂಬರ್ 144 ಆಗುತ್ತದೆ, ನಷ್ಟ ಕಳೆದರೆ 72. ಅದನ್ನು 7.2ರಿಂದ ಭಾಗಿಸಿದರೆ ಎಫ್/10. ನಮಗೆ ಬೇಕಾದದ್ದು ಎಫ್/4. ಅಂದರೆ ಫ್ಲ್ಯಾಶ್ ತನ್ನ ಶಕ್ತಿಯ ಆರನೇ ಒಂದು ಪಾಲಿನಷ್ಟು ಖರ್ಚು ಮಾಡಿದರೆ ಸಾಕು. ಇದೇ ಚಿತ್ರವನ್ನು ಐಎಸ್‌ಒ 400ರಲ್ಲಿ ತೆಗೆದರೆ ಸುಮಾರು ಮೂರನೇ ಎರಡು ಪಾಲು ಖರ್ಚಾಗುತ್ತದೆ.

ವ್ಯತ್ಯಾಸ ಗೊತ್ತಾಗುವುದು ಎರಡನೇ ಕ್ಲಿಕ್ಕಿನಲ್ಲಿ. ನಾಲ್ಕು ಎಎ ಆಲ್ಕಲೈನ್ ಸೆಲ್ ಹಾಕಿದ ದೊಡ್ಡ ಫ್ಲ್ಯಾಶ್ ಪೂರ್ತಿ ಹೊಡೆದ ಮೇಲೆ ಮತ್ತೆ ತುಂಬಿಕೊಳ್ಳಲು ಸುಮಾರು 5 ಸೆಕೆಂಡ್ ಬೇಡುತ್ತದೆ. ಮೂರನೇ ಎರಡು ಪಾಲಿಗೆ ಮೂರು ಸೆಕೆಂಡಿಗೂ ಹೆಚ್ಚು. ಅಷ್ಟರಲ್ಲಿ ಗಂಟು ಬಿದ್ದು, ಹುಡುಗಿಯ ಅಮ್ಮ ಕಣ್ಣೊರೆಸಿಕೊಂಡು ಆಗಿರುತ್ತದೆ. ಆರನೇ ಒಂದು ಪಾಲಿಗಾದರೆ ಒಂದು ಸೆಕೆಂಡಿನೊಳಗೆ ಸಿದ್ಧ. ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳ ವೋಲ್ಟೇಜ್ 1.2 ಮಾತ್ರ, ಆಲ್ಕಲೈನಿನದು 1.5, ಆದರೂ ಒಳರೋಧ ಕಡಿಮೆಯಿರುವುದರಿಂದ ಬೇಗ ತುಂಬುವುದು ಮೊದಲನೆಯವೇ. ಲಿಥಿಯಂ ಅಯಾನ್ ಪ್ಯಾಕ್ ಇರುವ ಗೊಡಾಕ್ಸ್ ವಿ860 ತರದ ಫ್ಲ್ಯಾಶ್‌ಗಳು ಪೂರ್ತಿ ಶಕ್ತಿಯಲ್ಲೂ ಒಂದೂವರೆ ಸೆಕೆಂಡಿನ ಆಸುಪಾಸಿನಲ್ಲಿ ತಯಾರಾಗುತ್ತವೆ. ನನ್ನ ಮಟ್ಟಿಗೆ ಆಯ್ಕೆ ಇಲ್ಲೇ ತೀರ್ಮಾನವಾಗುತ್ತದೆ. ಎಚ್ಚರವಿರಬೇಕಾದದ್ದು ಬಿಸಿಯ ಬಗ್ಗೆ ಮಾತ್ರ: ಬೇಗ ತುಂಬುತ್ತದೆಂದು ಪೂರ್ತಿ ಶಕ್ತಿಯಲ್ಲಿ ಸರಪಟಾಕಿಯಂತೆ ಹೊಡೆದರೆ ಫ್ಲ್ಯಾಶ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಧಾನವಾಗುತ್ತದೆ. ವೈಶಾಖದ ಛತ್ರದಲ್ಲಿ, ಹೋಮಕುಂಡದ ಪಕ್ಕ, ಅದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

ಈ ಲೆಕ್ಕ ನಿಂತಿರುವುದು ಬಿಳಿ ಸೀಲಿಂಗಿನ ಮೇಲೆ. ಸೀಲಿಂಗ್ 7 ಮೀಟರಿಗೆ ಏರಿದರೆ ದಾರಿ ಸುಮಾರು 11.7 ಮೀಟರ್ ಆಗಿ, ಐಎಸ್‌ಒ 1600ರಲ್ಲೂ ಶಕ್ತಿಯ ಐದನೇ ಎರಡು ಪಾಲು ಬೇಕಾಗುತ್ತದೆ. ಕಪ್ಪು ಬಟ್ಟೆ ಕಟ್ಟಿದ ಹೊಸ ಹಾಲ್‌ಗಳಲ್ಲಿ, ಬಯಲಿನ ಶಾಮಿಯಾನದಲ್ಲಿ ಬೌನ್ಸ್ ಎಂಬುದೇ ಇಲ್ಲ. ಹಸಿರು ಗೋಡೆಗೆ ತಿರುಗಿಸಿದಿರೋ, ಮದುಮಗಳ ಕೆನ್ನೆಯೂ ಹಸಿರು. ಬೇರೆ ದಾರಿಯಿಲ್ಲದೆ ನೇರ ಹೊಡೆದರೆ ಜರಿ ಅಂಚು, ಚಿನ್ನದ ಸೊಂಟಪಟ್ಟಿ, ಬೆವರಿದ ಹಣೆ ಮೂರೂ ಒಟ್ಟಿಗೆ ಬಿಳಿಚಿಕೊಳ್ಳುತ್ತವೆ. ಹಾಗಾಗಿ ಸಲಕರಣೆ ಕೊಳ್ಳುವ ಮುನ್ನ ನಿಮ್ಮ ಊರಿನಲ್ಲಿ ಹೆಚ್ಚು ಮದುವೆ ನಡೆಯುವ ನಾಲ್ಕು ಛತ್ರಗಳ ಸೀಲಿಂಗ್ ನೋಡಿ ಬನ್ನಿ. ಯಾವ ಅಂಗಡಿಯವನೂ ಈ ಸಲಹೆ ಕೊಡುವುದಿಲ್ಲ.

ತಾನೇ ಬೆಳಕನ್ನು ಅಳೆಯುವ ಟಿಟಿಎಲ್ ಬೇಕೋ ಬೇಡವೋ ಎಂಬುದು ಇನ್ನೊಂದು ಚರ್ಚೆ. ಓಡಾಡುತ್ತ ತೆಗೆಯುವಾಗ ಬೇಕು. ಆದರೆ ಅದರ ಅಳತೆ ಎಲ್ಲವನ್ನೂ ನಡುಬೂದು ಬಣ್ಣಕ್ಕೆ ಎಳೆಯುವಂಥದ್ದು. ಬಿಳಿ ಧಾರೆ ಸೀರೆ, ಬಿಳಿ ಪಂಚೆ-ಶಲ್ಯ ಕಂಡರೆ ಬೆಳಕು ಜಾಸ್ತಿಯಾಯಿತೆಂದು ತಗ್ಗಿಸಿಬಿಡುತ್ತದೆ. ಸಂಜೆ ಕಪ್ಪು ಸೂಟ್ ಕಂಡರೆ ಹೆಚ್ಚಿಸುತ್ತದೆ. ಬೆಳಿಗ್ಗೆ ಮುಕ್ಕಾಲರಿಂದ ಒಂದು ಸ್ಟಾಪ್ ಕೂಡಿಸಿ, ಸಂಜೆ ಅಷ್ಟೇ ಕಳೆಯುವ ಗುಂಡಿ ಕತ್ತಲಲ್ಲೂ ಬೆರಳಿಗೆ ಸಿಗುವಂತಿರಬೇಕು.

ಆರತಕ್ಷತೆಯ ಸಂಗತಿ ಬೇರೆ. ಅಲ್ಲಿ ಎರಡೂ ಬದಿಗೆ ಅಂಬ್ರೆಲಾ ನಿಲ್ಲಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ತಪ್ಪಾಗುವುದು ಸ್ಟ್ಯಾಂಡನ್ನು ವೇದಿಕೆಗೆ ಅಂಟಿಸಿದಂತೆ ಇಡುವುದರಲ್ಲಿ. ಹತ್ತು ಜನರ ಸಾಲಿನಲ್ಲಿ ಹತ್ತಿರದವರು ದೀಪದಿಂದ 2 ಮೀಟರ್, ದೂರದವರು 5 ಮೀಟರ್ ಇದ್ದರೆ ಅವರ ಮೇಲೆ ಬೀಳುವ ಬೆಳಕಿನ ಅಂತರ ಆರು ಪಟ್ಟಿಗೂ ಮಿಕ್ಕಿದ್ದು. ಅದೇ ದೀಪವನ್ನು 2 ಮೀಟರ್ ಹಿಂದೆ ಸರಿಸಿದರೆ ಅಂತರ ಮೂರು ಪಟ್ಟಿಗೆ ಇಳಿಯುತ್ತದೆ. ಎರಡನೆಯ ದೀಪ ಉಳಿದದ್ದನ್ನು ತುಂಬುತ್ತದೆ. ಹಿಂದೆ ಸರಿಸಿದಷ್ಟೂ ಶಕ್ತಿ ಬೇಕು, ಆದ್ದರಿಂದ 200 ವ್ಯಾಟ್-ಸೆಕೆಂಡಿನ ದೀಪಕ್ಕೆ ನಿಜವಾದ ಕೆಲಸ ಇಲ್ಲಿದೆ. ಪ್ಲಗ್ಗಿಗೆ ಹಾಕುವ 300ರ ಸ್ಟುಡಿಯೋ ಲೈಟ್ ಅಗ್ಗ, ಗಟ್ಟಿಮುಟ್ಟು. ಆದರೆ ಕರೆಂಟು ಹೋಗಿ ಜನರೇಟರ್ ಹತ್ತಿಕೊಳ್ಳುವ ಹೊತ್ತಿಗೇ ಶಾಸಕರು ವೇದಿಕೆ ಹತ್ತಿರುತ್ತಾರೆ. ಬ್ಯಾಟರಿ ದೀಪಕ್ಕೆ ನನ್ನ ಮತ.

ಟ್ರಿಗರ್ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಒಂದು ಆರತಕ್ಷತೆಯಲ್ಲಿ ಅಂಬ್ರೆಲಾಗಳನ್ನು ಬೆಳಕು ಕಂಡರೆ ಹೊಡೆಯುವ ಸ್ಲೇವ್ ಮೋಡಿನಲ್ಲಿ ಇಟ್ಟಿದ್ದೆ. ಹುಡುಗನ ಕಡೆಯವರು ಬೇರೆ ಛಾಯಾಗ್ರಾಹಕನನ್ನು ಕರೆಸಿದ್ದರು. ಅವನು ಕ್ಲಿಕ್ಕಿಸಿದಾಗೆಲ್ಲ ನನ್ನ ದೀಪ ಬೆಳಗಿತು, ನಾನು ಕ್ಲಿಕ್ಕಿಸಿದಾಗ ಅದು ಇನ್ನೂ ತುಂಬಿಕೊಳ್ಳುತ್ತಿತ್ತು. ಅವನ ಆಲ್ಬಮ್ಮಿಗೆ ನನ್ನದೂ ಕೊಡುಗೆ ಇದೆ. ಅಂದಿನಿಂದ 2.4 ಗಿಗಾಹರ್ಟ್ಸ್ ರೇಡಿಯೋ ಟ್ರಿಗರ್. ಚಾನೆಲ್ ಯಾವುದೆಂದು ಎದುರು ಕಡೆಯವನನ್ನು ಮೊದಲೇ ಕೇಳಿ ಬದಲಿಸಿಕೊಳ್ಳುವುದು. ಇದರ ಜೊತೆಗೆ ಪ್ರತಿ ಸ್ಟ್ಯಾಂಡಿನ ಕಾಲಿಗೂ ನೀರಿನ ಬಾಟಲಿ ತುಂಬಿದ ಚೀಲವೊಂದನ್ನು ತೂಗುಹಾಕುತ್ತೇನೆ. ಯಾವ ಮಗು ಯಾವಾಗ ಓಡಿಬಂದು ಎಡವುತ್ತದೋ ಹೇಳಲಾಗದು.

ಅಲಂಕಾರದ ನೇರಳೆ-ಗುಲಾಬಿ ಎಲ್‌ಇಡಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫ್ಲ್ಯಾಶ್ ಬೆಳಕು ಸುಮಾರು 5600 ಕೆಲ್ವಿನ್. ಹಳೆಯ ಹಳದಿ ಬಲ್ಬಿನ ಛತ್ರದಲ್ಲಿ ಕಿತ್ತಳೆ ಜೆಲ್ ಹಾಕಿದರೆ ಎರಡೂ ಹೊಂದುತ್ತವೆ, ಮುಕ್ಕಾಲು ಸ್ಟಾಪಿನಷ್ಟು ಬೆಳಕು ಹೋಗುತ್ತದೆ. ನೇರಳೆಗೆ ಜೆಲ್ ಇಲ್ಲ. ಅಲಂಕಾರದವರನ್ನು ವಿನಂತಿಸಿ ಮುಹೂರ್ತದ ಹೊತ್ತಿಗೆ ಅದನ್ನು ಆರಿಸಿಸುವುದೇ ಉಪಾಯ.

ಹಳೆಯ ಫ್ಲ್ಯಾಶ್ ಗನ್ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಮೊದಲ ಕಾಲದ ಕೆಲವು ವಿವಿಟಾರ್ 283ಗಳ ಟ್ರಿಗರ್ ಸಂಪರ್ಕದಲ್ಲಿ 200 ವೋಲ್ಟಿಗೂ ಹೆಚ್ಚು ಇರುತ್ತದೆ. ಈಗಿನ ಅಂತರರಾಷ್ಟ್ರೀಯ ಮಾನಕದ ಮಿತಿ 24. ಮಲ್ಟಿಮೀಟರ್ ಹಿಡಿದು ನೋಡದೆ ಡಿಜಿಟಲ್ ಕ್ಯಾಮೆರಾದ ಮೇಲೆ ಕೂರಿಸಬೇಡಿ.

ಒಟ್ಟಿನಲ್ಲಿ, ಒಂದೇ ಮಾದರಿಯ ಎರಡು ಲಿಥಿಯಂ ಫ್ಲ್ಯಾಶ್, 200 ವ್ಯಾಟ್-ಸೆಕೆಂಡಿನ ಎರಡು ಬ್ಯಾಟರಿ ದೀಪ, ಎರಡು ಬಿಳಿ ಅಂಬ್ರೆಲಾ, ಒಂದು ರೇಡಿಯೋ ಟ್ರಿಗರ್ ಇದ್ದರೆ ನಮ್ಮ ಛತ್ರಗಳ ಕೆಲಸ ನಡೆಯುತ್ತದೆ. ಇವನ್ನು ಕೊಂಡವರು ಆಷಾಢದಲ್ಲಿ ಮದುವೆಯಿಲ್ಲವೆಂದು ಬ್ಯಾಗಿನೊಳಗೇ ಬಿಡಬಾರದು. ಬಳಸದೆ ಬಿಟ್ಟ ಕೆಪಾಸಿಟರಿನ ಒಳಪದರ ಸವೆದು ಅದು ತುಂಬಿಕೊಳ್ಳುವ ಶಕ್ತಿ ಕುಗ್ಗುತ್ತದೆ. ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಮಾಡಿ, ಗೋಡೆಗೆ ಮುಖ ಮಾಡಿ ನಿಧಾನವಾಗಿ ಹತ್ತು ಸಲ ಹೊಡೆದಿಡಿ.