ನಮ್ಮ ಅಡಿಕೆ ‘ಅರೆಕಾ’ ಆದದ್ದು ಹೇಗೆ?

ನಲ್ಲೂರು, ಚನ್ನಗಿರಿ ಕಡೆ ಯಾರ ತೋಟಕ್ಕೆ ಹೋದರೂ ಮಾತು ಕೊನೆಗೆ ಅಡಿಕೆ ರೇಟಿಗೇ ಬಂದು ನಿಲ್ಲುತ್ತದೆ. ರಾಶಿ ಎಷ್ಟು, ಬೆಟ್ಟೆ ಎಷ್ಟು ಎಂದು ದಿನಾ ಕೇಳುತ್ತೇವೆ. ಆದರೆ ಅಡಿಕೆಯ ಇಂಗ್ಲಿಷ್ ಹೆಸರು ‘ಅರೆಕಾ’ ಕೂಡ ದಕ್ಷಿಣದ ನಮ್ಮ ಭಾಷೆಗಳಿಂದಲೇ ಹೋದದ್ದು ಎಂಬುದು ಎಷ್ಟು ಜನಕ್ಕೆ ಗೊತ್ತು?

1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆ ಕಡೆಗೆ ಬಂದಿಳಿದ. ಅವನ ಹಿಂದೆ ಬಂದ ಪೋರ್ಚುಗೀಸರ ಕಿವಿಗೆ ಬಿದ್ದದ್ದು ಮಲಯಾಳದ ‘ಅಡಯ್ಕ’. ನಮ್ಮ ‘ಡ’ ಅವರ ನಾಲಿಗೆಯಲ್ಲಿ ‘ರ’ ಆಯಿತು, ಅಡಯ್ಕ ‘ಅರೆಕಾ’ ಆಯಿತು. ಇಂಗ್ಲಿಷಿಗೆ ಆ ಮಾತು ಪೋರ್ಚುಗೀಸಿನಿಂದಲೇ ಹೋಯಿತು.

ಮಲಯಾಳದ ಅಡಯ್ಕ, ನಮ್ಮ ಅಡಿಕೆ, ತಮಿಳಿನ ಅಡೈಕ್ಕಾಯ್ ಒಂದೇ ಬೇರಿನವು. ‘ಅಡೈ’ ಎಂದರೆ ಒತ್ತೊತ್ತಾಗಿರುವುದು, ‘ಕಾಯ್’ ಎಂದರೆ ಕಾಯಿ ಎಂದು ದ್ರಾವಿಡ ಭಾಷೆಗಳ ವಿದ್ವಾಂಸ ರಾಬರ್ಟ್ ಕಾಲ್ಡ್‌ವೆಲ್ ಬಿಡಿಸಿ ಹೇಳಿದ. ಅಡಿಕೆ ಗೊನೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

1753ರಲ್ಲಿ ಸ್ವೀಡನ್ನಿನ ಲಿನೇಯಸ್ ಈ ಮರಕ್ಕೆ ‘ಅರೆಕಾ ಕೆಟೆಚು’ ಎಂದು ಶಾಸ್ತ್ರೀಯ ಹೆಸರಿಟ್ಟ. ಕೆಟೆಚು ಎಂದರೆ ಎಲೆಗೆ ಹಚ್ಚುವ ಕಾಚು. ಕಾಚು ತೆಗೆಯುವುದು ಕಗ್ಗಲಿ ಮರದಿಂದ, ಹೆಸರು ಮಾತ್ರ ಅಡಿಕೆ ಮರಕ್ಕೂ ಅಂಟಿತು.

ಇದಕ್ಕಿಂತ ದೊಡ್ಡ ಗೊಂದಲ ‘ಬೀಟಲ್ ನಟ್’. ‘ಬೀಟಲ್’ ಬಂದದ್ದು ಮಲಯಾಳದ ‘ವೆಟ್ಟಿಲ’ದಿಂದ, ಅಂದರೆ ವೀಳ್ಯದೆಲೆಯಿಂದ. ಎಲೆ ಬಳ್ಳಿಯದು, ಅಡಿಕೆ ಮರದ್ದು. ಎರಡನ್ನೂ ಒಟ್ಟಿಗೆ ಮೆಲ್ಲುವುದನ್ನು ಕಂಡ ಪರದೇಶದವರು ಎಲೆಯ ಹೆಸರನ್ನೇ ಕಾಯಿಗೂ ಕಟ್ಟಿದರು.

ಹೆಸರಿನಲ್ಲಿ ಏನಿದೆ ಎನ್ನಬೇಡಿ. ಆಮದು ಸುಂಕದ ಪಟ್ಟಿಯಲ್ಲಿ ನಮ್ಮ ಬೆಳೆ ಇರುವುದು ‘ಅರೆಕಾ ನಟ್’ ಎಂದು. ಅಡಿಕೆಯಲ್ಲಿರುವ ರಾಸಾಯನಿಕಕ್ಕೆ ‘ಅರೆಕೊಲಿನ್’ ಎನ್ನುತ್ತಾರೆ. ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಹೇಳಿದಾಗಲೂ ಬಳಸಿದ್ದು ಇದೇ ಪದ.

ನಮ್ಮ ತೋಟದ ಬಗ್ಗೆ, ನಮ್ಮ ಬಾಯಿಯ ಆರೋಗ್ಯದ ಬಗ್ಗೆ ದೊಡ್ಡ ತೀರ್ಮಾನಗಳಾಗುವುದು ಈ ಹೆಸರುಗಳಲ್ಲೇ. ಮುಂದೆ ಪೇಪರಿನಲ್ಲೋ ಮೊಬೈಲಿನಲ್ಲೋ ‘ಅರೆಕಾ’ ಎಂದು ಕಂಡರೆ ದಾಟಿ ಹೋಗಬೇಡಿ, ನಿಂತು ಓದಿ. ಅದು ನಮ್ಮ ಅಡಿಕೆಯ ಸುದ್ದಿ.