ಮಳೆಯ ಲೆಕ್ಕ ಬರೆದವರು

ನಮ್ಮ ಕೋಡಿಯಲ್ಲಿ ಪಡುವಣಕ್ಕೆ ಕಡಲು, ಮೂಡಣಕ್ಕೆ ಹೊಳೆ. ಐದು ನದಿಗಳು ಕೂಡಿದ ಪಂಚಗಂಗಾವಳಿ ಇಲ್ಲಿಯೇ ಅಳಿವೆಯಲ್ಲಿ ಸಮುದ್ರ ಸೇರುತ್ತದೆ; ಆಚೆ ದಡದಲ್ಲಿ ಗಂಗೊಳ್ಳಿ. ಇಂಥ ಊರಿನವರಿಗೆ ಮಳೆ ಎಷ್ಟು ಬಂತೆಂದು ಯಂತ್ರ ಬಂದು ಹೇಳಬೇಕೇ ಎಂದು ನನ್ನ ಅತ್ತೆ ನಗುತ್ತಿದ್ದರು. ಅವರ ಲೆಕ್ಕ ನಕ್ಷತ್ರದ್ದು. ರೋಹಿಣಿ, ಮೃಗಶಿರ, ಆರ್ದ್ರಾ, ಪುನರ್ವಸು ಎಂದು ಒಂದೊಂದು ಮಳೆಗೆ ಒಂದೊಂದು ಗುಣ. ಅಂಗಳದ ಕೊಪ್ಪರಿಗೆ ತುಂಬಿದರೆ ಒಳ್ಳೆಯ ಮಳೆ, ಬಾವಿಯ ನೀರು ಕೈಗೆಟುಕಿದರೆ ವಿಪರೀತ ಮಳೆ. ಈ ಲೆಕ್ಕ ಸುಳ್ಳೇನೂ ಅಲ್ಲ. ಆದರೆ ಅದನ್ನು ಯಾರೂ ಬರೆದಿಡಲಿಲ್ಲ. ಅತ್ತೆಯವರು ತೀರಿಕೊಂಡ ಮೇಲೆ ಅವರು ಕಂಡ ಐವತ್ತು ವರ್ಷದ ಮಳೆಯೂ ಅವರೊಂದಿಗೇ ಹೋಯಿತು.

ಮಳೆಯನ್ನು ಪಾತ್ರೆಯಲ್ಲಿ ಹಿಡಿದು ಲೆಕ್ಕ ಬರೆಯುವ ಬುದ್ಧಿ ನಮ್ಮ ದೇಶದಲ್ಲಿ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉಗ್ರಾಣದ ಎದುರು ಒಂದು ಮೊಳ ಬಾಯಗಲದ ಪಾತ್ರೆ ಇಡಬೇಕೆಂಬ ಮಾತಿದೆ. ಒಣನಾಡಿಗೆ 16 ದ್ರೋಣ ಮಳೆ, ಜೌಗು ನಾಡಿಗೆ ಅದರ ಒಂದೂವರೆ ಪಟ್ಟು ಎಂದು ಲೆಕ್ಕ ಹೇಳುತ್ತಾ ಬಂದ ಗ್ರಂಥ, ಕೊಂಕಣ ತೀರದ ಅಪರಾಂತಕ್ಕೆ ಬಂದಾಗ ಮಾತ್ರ ಅಲ್ಲಿ ಮಳೆಗೆ ಮಿತಿಯೇ ಇಲ್ಲ ಎಂದು ಕೈ ಚೆಲ್ಲುತ್ತದೆ! ಪಡುಗಡಲ ತೀರದ ಹೆಂಗಸಾಗಿ ನನಗೆ ಇದನ್ನು ಓದುವಾಗಲೆಲ್ಲ ಒಂದು ಹೆಮ್ಮೆ. ದೂರದ ಕೊರಿಯಾದಲ್ಲೂ 1441ರ ಹೊತ್ತಿಗೆ ಸೇಜೊಂಗ್ ದೊರೆಯ ಕಾಲದಲ್ಲಿ ಮಳೆ ಅಳೆಯುವ ಪಾತ್ರೆಗಳು ಬಂದಿದ್ದವು. ಬೆಳೆ ಎಷ್ಟು ಬಂದೀತು, ಕಂದಾಯ ಎಷ್ಟು ಹಾಕಬಹುದು ಎಂಬುದೇ ದೊರೆಗಳ ಚಿಂತೆ. ದೋಣಿ ಹತ್ತುವವನ ಚಿಂತೆ ಅದರಲ್ಲಿರಲಿಲ್ಲ.

ಆ ಚಿಂತೆ ಬಂದದ್ದು ಅನಾಹುತದ ನಂತರ. 1864ರಲ್ಲಿ ಕಲಕತ್ತೆಗೆ ಬಡಿದ ಚಂಡಮಾರುತ, ಅದರ ಬೆನ್ನಿಗೇ 1866ರ ಒರಿಸ್ಸಾ ಕ್ಷಾಮ. ಇವುಗಳಿಂದ ಎಚ್ಚೆತ್ತ ಬ್ರಿಟಿಷ್ ಸರಕಾರ 1875ರಲ್ಲಿ ಭಾರತೀಯ ಹವಾಮಾನ ಇಲಾಖೆಯನ್ನು ಸ್ಥಾಪಿಸಿತು. ನಮ್ಮ ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ದೇಶದ ತಾಲೂಕು ಕಚೇರಿಗಳ ಅಂಗಳದಲ್ಲಿ ಕಾಣುತ್ತಿದ್ದ ಐದು ಇಂಚು ಬಾಯಿಯ ಮಳೆಮಾಪಕಕ್ಕೆ ಸೈಮನ್ಸ್ ಮಾಪಕವೆಂದು ಹೆಸರು. ಈ ಸೈಮನ್ಸ್ ಎಂಬಾತ ಇಂಗ್ಲೆಂಡಿನಲ್ಲಿ 1860ರಿಂದ ಪಾದ್ರಿಗಳು, ಗೃಹಿಣಿಯರು, ತೋಟದವರು ಹೀಗೆ ಯಾರು ಸಿಕ್ಕರೂ ಅವರಿಂದ ಮಳೆ ಅಳೆಸುತ್ತಾ ಹೋಗಿ, ಕೊನೆಗೆ ಮೂರು ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೂಡಿಸಿದ ಹಟವಾದಿ. ನಮ್ಮಲ್ಲಿ ಆ ಕೆಲಸ ಕಚೇರಿಯ ಸಿಬ್ಬಂದಿಯ ಪಾಲಿಗೆ ಬಂತು. ಬೆಳಿಗ್ಗೆ ಎಂಟೂವರೆಗೆ ಕೊಡೆ ಹಿಡಿದು ಹೋಗಿ, ಸಂಗ್ರಹವಾದ ನೀರನ್ನು ಗಾಜಿನ ಅಳತೆಪಾತ್ರೆಗೆ ಸುರಿದು, ಅಂಕಿ ಬರೆದು ಬರಬೇಕು. ಗೌರಿಹಬ್ಬವಿರಲಿ, ದೀಪಾವಳಿಯಿರಲಿ, ಎಂಟೂವರೆ ಎಂದರೆ ಎಂಟೂವರೆ. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಆ ಅಂಕಿ ನಮ್ಮ ಮನೆಗೆ ಬರುತ್ತಿದ್ದದ್ದು ಮರುದಿನದ ಪತ್ರಿಕೆಯಲ್ಲಿ, ಕುಂದಾಪುರ ಇಷ್ಟು, ಉಡುಪಿ ಇಷ್ಟು, ಕಾರ್ಕಳ ಇಷ್ಟು ಎಂದು ಮೂಲೆಯ ಪುಟ್ಟ ಪಟ್ಟಿಯಾಗಿ. ಬೈಂದೂರು ಆಗ ತಾಲೂಕಾಗಿರಲಿಲ್ಲ. ಶಿರೂರಿನ ಕಡಲತಡಿಯಿಂದ ಕೊಲ್ಲೂರಿನ ಘಟ್ಟದ ಬುಡದವರೆಗೆ ಒಂದೇ ತಾಲೂಕು, ನಮಗೆ ಕಾಣುತ್ತಿದ್ದದ್ದು ಒಂದೇ ಅಂಕಿ. ಕೊಲ್ಲೂರಿನಲ್ಲಿ ಆಕಾಶ ಹರಿದುಬಿದ್ದ ದಿನ ಕೋಡಿಯಲ್ಲಿ ಹಪ್ಪಳ ಒಣಗಿಸಿದ್ದುಂಟು! ಆದರೆ ಅಲ್ಲಿಯ ನೀರು ಸೌಪರ್ಣಿಕೆಯಲ್ಲಿ ಇಳಿದು ಕೊನೆಗೆ ನಮ್ಮ ಅಳಿವೆಗೇ ಬರಬೇಕು. ಹೊಳೆಯ ಸೆಳೆತವೂ ಕಡಲಿನ ಅಲೆಯೂ ಎದುರುಬದುರಾಗುವ ಅಳಿವೆಯಲ್ಲಿ ನಾಡದೋಣಿ ದಾಟಿಸುವುದು ಆಟವಲ್ಲ. ಮಂಗಳೂರು ಆಕಾಶವಾಣಿ 1976ರಲ್ಲಿ ಆರಂಭವಾದ ಮೇಲೆ ಮೀನುಗಾರರಿಗೆ ಮುನ್ಸೂಚನೆಯೇನೋ ಮನೆಯೊಳಗೇ ಕೇಳಿಸಿತು. ಬಂದರಿನಲ್ಲಿ ಮೂರನೇ ನಂಬರಿನ ಎಚ್ಚರಿಕೆ ಏರಿಸಿದ್ದಾರೆಂದರೆ ಅರ್ಥ ಮಕ್ಕಳಿಗೂ ಗೊತ್ತು. ಆದರೆ ಘಟ್ಟದಲ್ಲಿ ಈಗ, ಈ ಗಳಿಗೆಯಲ್ಲಿ ಎಷ್ಟು ಮಳೆ ಎಂದು ಹೇಳುವವರು ಇರಲಿಲ್ಲ.

ಈ ಕೊರತೆಗೆ ಪರಿಹಾರ ಹೊರಟದ್ದು ಮಳೆಯಿಂದಲ್ಲ, ಬರದಿಂದ ಎಂಬುದು ತಮಾಷೆ. ಒಣ ಜಿಲ್ಲೆಗಳ ಮೇಲೆ ಕಣ್ಣಿಡಲು ಕರ್ನಾಟಕ ಸರಕಾರ 1988ರಲ್ಲಿ ಒಂದು ಬರ ಉಸ್ತುವಾರಿ ಘಟಕವನ್ನು ತೆರೆಯಿತು. ದೇಶದಲ್ಲಿ ಅಂಥದು ಅದೇ ಮೊದಲು. 2007ರಲ್ಲಿ ಅದಕ್ಕೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಎಂದು ಹೆಸರಾಯಿತು. ಬೆಂಗಳೂರಿನ ಯಲಹಂಕದಲ್ಲಿರುವ ಈ ಕೇಂದ್ರ ಗ್ರಾಮ ಪಂಚಾಯತಿಗೊಂದರಂತೆ ರಾಜ್ಯದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನೂ ಹೋಬಳಿಗಳಲ್ಲಿ ಹವಾಮಾನ ಕೇಂದ್ರಗಳನ್ನೂ ನೆಟ್ಟಿತು. ಬಿಸಿಲಿನಿಂದ ವಿದ್ಯುತ್ತು, ಮೊಬೈಲಿನ ಜಾಲದಿಂದ ತಂತಿಯಿಲ್ಲದ ಸಂದೇಶ. ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಬೆಂಗಳೂರು ಸೇರುತ್ತದೆ. ಹಿಂದೆ ದಿನಕ್ಕೆ ಒಂದು ಸಾಲು ಇದ್ದಲ್ಲಿ ಈಗ 96 ಸಾಲು.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕಡಲ ಪಕ್ಕದಲ್ಲಿ ಹಾದುಹೋದಾಗ ಇದರ ಬೆಲೆ ತಿಳಿಯಿತು. 16ನೇ ತಾರೀಕಿನ ಬೆಳಗಿನ ವರದಿಯಲ್ಲಿ ರಾಜ್ಯಕ್ಕೇ ಅತಿ ಹೆಚ್ಚು ಮಳೆ ನಮ್ಮ ಪಕ್ಕದ ನಾಡ ಗ್ರಾಮದಲ್ಲಿ: ಒಂದು ದಿನಕ್ಕೆ 385 ಮಿಲಿಮೀಟರ್. ಮಿಲಿಮೀಟರ್ ಎಂದರೆ ನಮಗೆ ತಲೆಗೆ ಹೋಗುವುದಿಲ್ಲ, ಅದಕ್ಕೆ ಮನೆಯ ಲೆಕ್ಕ ಹೇಳುತ್ತೇನೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಒಂದು ಸೆಂಟ್ಸ್ ಜಾಗದ ಮೇಲೆ ಅಂದು ಬಿದ್ದದ್ದು ಹದಿನೈದು ಸಾವಿರ ಲೀಟರಿಗೂ ಮಿಕ್ಕಿ, ಅಂದರೆ ಸಾವಿರ ಕೊಡಪಾನ ನೀರು! ಹಿಂದಿನಂತೆ ತಾಲೂಕಿಗೊಂದೇ ಅಂಕಿ ನೋಡುತ್ತಿದ್ದರೆ ನಾಡದ ಈ ಮಳೆ ನಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ.

ಇಂಥ ಮಾಪಕದ ಹೊಟ್ಟೆಯೊಳಗೆ ಇರುವುದು ಬಹಳ ಸರಳ ಸಂಗತಿ. ಮಕ್ಕಳ ಏರಿಳಿತದ ಹಲಗೆಯಂತೆ ಎರಡು ಪುಟ್ಟ ತೊಟ್ಟಿ. ಒಂದು ತುಂಬಿದೊಡನೆ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಪ್ರತಿ ವಾಲುವಿಕೆಗೆ ಒಂದು ಎಣಿಕೆ. ಈ ಉಪಾಯವನ್ನು 1660ರ ದಶಕದಲ್ಲೇ ಹೂಡಿದವನು ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚನ್ನು ಕಟ್ಟಿದ ಕ್ರಿಸ್ಟಫರ್ ರೆನ್.

ಉಪಕರಣಗಳ ಮಾತು ಬಂದಾಗ ಅನ್ನಾ ಮಣಿಯವರನ್ನು ನೆನೆಯದೆ ಮುಂದೆ ಹೋಗಲಾರೆ. 1918ರಲ್ಲಿ ಕೇರಳದ ಪೀರುಮೇಡಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿದವರು. ಮಹಾಪ್ರಬಂಧ ಬರೆದೂ, ಎಂ.ಎಸ್ಸಿ. ಇಲ್ಲವೆಂಬ ಕಾರಣಕ್ಕೆ ಡಾಕ್ಟರೇಟ್ ಸಿಗಲಿಲ್ಲ. ಇಂಗ್ಲೆಂಡಿಗೆ ಹೋಗಿ ಹವಾಮಾನ ಉಪಕರಣಗಳ ವಿದ್ಯೆ ಕಲಿತು 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿದಾಗ, ಸಾಮಾನ್ಯ ಉಪಕರಣಕ್ಕೂ ನಾವು ಹೊರದೇಶದ ಕಡೆ ನೋಡಬೇಕಿತ್ತು. ಅವರು ನೂರರಷ್ಟು ಉಪಕರಣಗಳ ನಕ್ಷೆಗಳನ್ನು ಒಂದು ಹದಕ್ಕೆ ತಂದು ಇಲ್ಲಿಯೇ ಮಾಡಿಸಿದರು. ತಪ್ಪು ಅಳತೆಗಿಂತ ಅಳತೆ ಇಲ್ಲದಿರುವುದೇ ಮೇಲು ಎಂಬುದು ಅವರ ನಿಲುವು. ನಿವೃತ್ತಿಯ ನಂತರವೂ ಬೆಂಗಳೂರಿನಲ್ಲಿ ಬಿಸಿಲು ಗಾಳಿಗಳನ್ನು ಅಳೆಯುವ ಕೆಲಸವನ್ನೇ ಮಾಡುತ್ತಿದ್ದು 2001ರಲ್ಲಿ ತೀರಿಕೊಂಡರು. ನನ್ನ ಪದವಿಯ ವರ್ಷಗಳಲ್ಲಿ ಯಾವ ಪಾಠದಲ್ಲೂ ಇವರ ಹೆಸರು ಕೇಳಲಿಲ್ಲವಲ್ಲ ಎಂದು ನನಗೆ ಈಗಲೂ ಸಿಟ್ಟು.

ಈಚೆಗೆ ನಮ್ಮ ಶಾಲೆಗೂ ಒಬ್ಬ ಹಳೆ ವಿದ್ಯಾರ್ಥಿ ಒಂದು ಸಣ್ಣ ನಿಸ್ತಂತು ಹವಾಮಾನ ಕೇಂದ್ರ ತಂದುಕೊಟ್ಟ. ಹೊರಗೆ ಕಂಬದ ಮೇಲೆ ಮಾಪಕ, ಒಳಗೆ ಸಂದೇಶ ಹಿಡಿಯುವ ರಿಸೀವರ್, ಅಂಕಿಗಳನ್ನು ನೆನಪಿಟ್ಟುಕೊಳ್ಳುವ ಡೇಟಾ ಲಾಗರ್. ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರದಲ್ಲಿ ಮಾಪಕ ಇರಬೇಕೆಂದು ನಿಯಮ. ಕೋಡಿಯಲ್ಲಿ ತೆಂಗಿನ ಮರದಿಂದ ಅಷ್ಟು ದೂರ ಹೋದರೆ ನೇರ ಸಮುದ್ರಕ್ಕೇ ಇಳಿಯಬೇಕು! ಕೊನೆಗೆ ಆಟದ ಬಯಲಿನ ನಡುವೆ ಬೇಲಿ ಕಟ್ಟಿ ನಿಲ್ಲಿಸಿದೆವು. ದಪ್ಪ ಗೋಡೆ ದಾಟಿ ಸಂದೇಶ ಬರುವುದು ಕಷ್ಟ, ಆದ್ದರಿಂದ ರಿಸೀವರ್ ಕಿಟಕಿಯ ಬಳಿ. ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ತಿಂಗಳಿಗೊಮ್ಮೆ ಒರೆಸುವುದು, ಜೇಡರ ಬಲೆ ತೆಗೆಯುವುದು ಏಳನೆಯ ತರಗತಿಯ ಹುಡುಗಿಯರ ಪಾಲು.

ಅದರ ಪಕ್ಕದಲ್ಲಿ ಗಾಜಿನ ಅಳತೆಯ ಹಳೆ ಮಾದರಿಯ ಮಾಪಕವನ್ನೂ ಇಟ್ಟಿದ್ದೇವೆ. ಮಳೆ ಜೋರಾದಾಗ ಪುಟ್ಟ ತೊಟ್ಟಿ ವಾಲುವಷ್ಟರಲ್ಲೇ ಒಂದಿಷ್ಟು ನೀರು ಲೆಕ್ಕ ತಪ್ಪಿ ಹೋಗುತ್ತದೆ. ಆದ್ದರಿಂದ ಯಂತ್ರದ ಅಂಕಿ ಆರ್ದ್ರಾ ಮಳೆಯಲ್ಲಿ ಸದಾ ಸ್ವಲ್ಪ ಕಡಿಮೆ. ಎರಡನ್ನೂ ಮಕ್ಕಳು ಎಂಟೂವರೆಗೆ ಒಂದೇ ಪುಸ್ತಕದಲ್ಲಿ ಅಕ್ಕಪಕ್ಕ ಬರೆಯುತ್ತಾರೆ. ಮೂರನೆಯ ಕಂಬಸಾಲು ಷರಾ. ಹೋದ ಜುಲೈಯ ಒಂದು ಪುಟದಲ್ಲಿ ಗಾಜಿನದು 112, ಯಂತ್ರದ್ದು ಸೊನ್ನೆ, ಷರಾದಲ್ಲಿ ದುಂಡಗಿನ ಅಕ್ಷರದಲ್ಲಿ: ಕಾಗೆ ಗೂಡು ಕಟ್ಟಲು ತಂದ ಕಡ್ಡಿ ಸಿಕ್ಕಿತ್ತು, ತೆಗೆದಿದ್ದೇವೆ.