ಸಾಲ ಯಾರದು, ಬಾಕಿ ಯಾರದು?

ವಿದ್ಯಾರ್ಥಿಗಳ ಸಾಲ ಮನ್ನಾ ಆಗಬೇಕೆಂಬ ಮಾತು ಬಂದಾಗಲೆಲ್ಲ ನಮ್ಮ ವಿದ್ಯಾವಂತರು ಕೇಳುವುದು ಒಂದೇ ಪ್ರಶ್ನೆ: 'ತಗೊಂಡ ಸಾಲ ತೀರಿಸೋದು ಧರ್ಮ ಅಲ್ವೇನ್ರಿ?' ಈ ಧರ್ಮವನ್ನು ಚರಿತ್ರೆಯ ಎದುರಿಗೆ ನಿಲ್ಲಿಸಿ ಕೇಳಬೇಕಾಗಿದೆ.

1913ರ ಜೂನ್‌ನಲ್ಲಿ ಬಾಬಾಸಾಹೇಬರು ಬರೋಡಾ ಸಂಸ್ಥಾನದ ಕರಾರುಪತ್ರಕ್ಕೆ ಸಹಿ ಹಾಕಿದರು. ಮೂರು ವರ್ಷ, ತಿಂಗಳಿಗೆ ಹನ್ನೊಂದೂವರೆ ಪೌಂಡ್. ಓದು ಮುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ಚಾಕರಿ. ಹೆಸರಿಗೆ ವಿದ್ಯಾರ್ಥಿವೇತನ, ಷರತ್ತಿನಲ್ಲಿ ಋಣ. ಸಯಾಜಿರಾವ್ ಗಾಯಕವಾಡರ ಔದಾರ್ಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ರಾಜ ಕೊಟ್ಟಿದ್ದನ್ನು ಊರು ಒಪ್ಪಲಿಲ್ಲ.

1917ರಲ್ಲಿ ಆ ಋಣ ತೀರಿಸಲೆಂದೇ ಅವರು ಬರೋಡಾಕ್ಕೆ ಬಂದರು. ಕೊಲಂಬಿಯಾ, ಲಂಡನ್‌ಗಳಲ್ಲಿ ಓದಿ ಬಂದವರಿಗೆ ತಲೆಯಿಡಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿ ವಸತಿಗೃಹದಲ್ಲಿ ಇದ್ದರು. ಜಾತಿ ತಿಳಿದದ್ದೇ ತಡ, ದೊಣ್ಣೆ ಹಿಡಿದ ಗುಂಪು ಬಾಗಿಲಿಗೆ ಬಂತು. ಪರಿಚಯದವರೂ ಜಾರಿಕೊಂಡರು. ಸಾರ್ವಜನಿಕ ಉದ್ಯಾನದಲ್ಲಿ ಗಂಟೆಗಟ್ಟಲೆ ಕೂತು, ರಾತ್ರಿ ಮುಂಬಯಿ ರೈಲು ಹತ್ತಿದರು. ಹತ್ತು ವರ್ಷದ ಕರಾರು ಮುರಿದುಬಿತ್ತು. ಮುರಿದವರು ಯಾರು? ಕಾಗದದ ಪ್ರಕಾರ ಅಂಬೇಡ್ಕರ್. ನ್ಯಾಯದ ಪ್ರಕಾರ?

ಈ ಅನುಭವ ಉಂಡವರೇ ವೈಸ್‌ರಾಯ್ ಕೌನ್ಸಿಲ್‌ನ ಸದಸ್ಯರಾಗಿದ್ದಾಗ, 1944ರಲ್ಲಿ, ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾಯಿತು. ದೊರೆಯ ದಯೆಯಾಗಿದ್ದದ್ದು ಸರ್ಕಾರದ ಹೊಣೆಯಾಯಿತು. ನಮ್ಮ ಪಾಲಿಗೆ ಇದೇ ದೊಡ್ಡ ಪಲ್ಲಟ.

ಇನ್ನೊಂದು ಪಾಠ ಜೀತದ್ದು. ಅಪ್ಪ ಮಾಡಿದ ಸಾಲಕ್ಕೆ ಮಗ ಧಣಿಯ ಕೊಟ್ಟಿಗೆ ಗುಡಿಸುವುದೂ ಒಂದು ಕಾಲಕ್ಕೆ 'ಧರ್ಮ'ವೇ ಆಗಿತ್ತು. 1976ರ ಜೀತ ರದ್ದತಿ ಕಾಯ್ದೆ ಜೀತಗಾರನನ್ನು ಬಿಡಿಸಿದ್ದಷ್ಟೇ ಅಲ್ಲ, ಆ ಸಾಲವನ್ನೇ ಇಲ್ಲವಾಗಿಸಿತು. ಧಣಿ ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟದ್ದಲ್ಲ ಅದು. ವಸೂಲಿಯೇ ಅಪರಾಧವಾಯಿತು.

ಶಿಕ್ಷಣ ಸಾಲದ ವಿಷಯಕ್ಕೆ ಬಂದರೆ ಈ ಧೈರ್ಯ ಕಾಣುವುದಿಲ್ಲ. 2009ರ ಕೇಂದ್ರ ಯೋಜನೆ ಬಡ ಕುಟುಂಬದ ಮಕ್ಕಳಿಗೆ ಓದುವ ಅವಧಿಯ ಮತ್ತು ಆಮೇಲಿನ ಅಲ್ಪಕಾಲದ ಬಡ್ಡಿಯನ್ನಷ್ಟೇ ಹೊತ್ತಿತು. ಅಸಲು ಹುಡುಗನ ತಲೆಯ ಮೇಲೇ ಉಳಿಯಿತು. ಪದವಿ ಹಿಡಿದು ಬಂದವನಿಗೆ ಸಂದರ್ಶನದಲ್ಲಿ ಅಡ್ಡಹೆಸರು ಕೇಳುತ್ತಾರೆ, ಬಾಡಿಗೆ ಮನೆಯವರು 'ನೀವು ಯಾವ ಪೈಕಿ?' ಅನ್ನುತ್ತಾರೆ. ಬರೋಡಾ ಎಲ್ಲಿಗೆ ಹೋಯಿತು? ಕೆಲಸ ಕೊಡದ ಸಮಾಜವೇ ಕಂತು ಕೇಳುತ್ತದೆ.

2016ರ ಜನವರಿಯಲ್ಲಿ ರೋಹಿತ್ ವೇಮುಲ ಬರೆದಿಟ್ಟು ಹೋದ ಪತ್ರದಲ್ಲೂ ಒಂದು ಲೆಕ್ಕವಿದೆ. ತನಗೆ ಬರಬೇಕಾದ ಏಳು ತಿಂಗಳ ಫೆಲೋಶಿಪ್, 1 ಲಕ್ಷ 75 ಸಾವಿರ ರೂಪಾಯಿ. ಗೆಳೆಯನಿಗೆ ಕೊಡಬೇಕಾದ ಸುಮಾರು 40 ಸಾವಿರ. ಸಾಯುವ ಹೊತ್ತಿನಲ್ಲೂ ಆತ ತನ್ನ ಸಾಲ ಮರೆಯಲಿಲ್ಲ. ಮರೆತವರು ಯಾರೆಂಬುದು ಅದೇ ಕಾಗದದಲ್ಲಿದೆ.

ಆದ್ದರಿಂದ ನಾವು ಕೇಳಬೇಕಾದ್ದು ಕನಿಕರವನ್ನಲ್ಲ. ತಪ್ಪು ಮಾಡಿದವರಂತೆ ಮನ್ನಾ ಅರ್ಜಿ ಹಿಡಿದು ನಿಲ್ಲುವುದೂ ಬೇಡ. ಮೊದಲು ಲೆಕ್ಕದ ಪುಸ್ತಕ ತೆಗೆಯಲಿ. ಅದರ ಎರಡೂ ಪುಟಗಳನ್ನು ಓದೋಣ.